ರುಮೆಂಕಾ ತನಗೇ ಇಟ್ಟುಕೊಂಡ ಪೊಮಾನ

ರುಮೆಂಕಾಳ ಕಂಠ ಹೋದ ಮೇಲೆ ಬೆಲ್‌ಗ್ರೇಡಿನ ಪತ್ರಿಕೆಗಳು ಬಾಯಿಗೆ ಬಂದದ್ದನ್ನೆಲ್ಲ ಬರೆದವು. ಒಬ್ಬ ಕುಡಿತ ಎಂದ. ಇನ್ನೊಬ್ಬ ಗುಟ್ಟಿನ ಆಪರೇಷನ್ ಎಂದ. ಮತ್ತೊಬ್ಬನಂತೂ, ಅವಳಿಗೆ ಕಂಠವೇ ಇರಲಿಲ್ಲ, ಮೊದಲಿನಿಂದಲೂ ಟೇಪು ಹಾಕಿಸಿ ತುಟಿ ಅಲ್ಲಾಡಿಸುತ್ತಿದ್ದಳು ಎಂದು ಬರೆದ. ಅವನೊಬ್ಬ ನನ್ನ ಕೈಗೆ ಸಿಗಬೇಕಿತ್ತು. ಕುಚೆವೊ ಬಸ್ ನಿಲ್ದಾಣದ ಎದುರಿನ ಕಫಾನಾದಲ್ಲಿ, ಊಟ ಕುಡಿತ ಎರಡೂ ನಡೆಯುವ ಹೋಟೆಲಿನಲ್ಲಿ, ಸಿಗರೇಟಿನ ಹೊಗೆ ಮತ್ತು ಸುಟ್ಟ ಮಾಂಸದ ವಾಸನೆಯ ನಡುವೆ, ಮೈಕಿಲ್ಲದೆ ಹಾಡುತ್ತಿದ್ದ ಹುಡುಗಿಯ ಪಕ್ಕದಲ್ಲಿ ಅಕಾರ್ಡಿಯನ್ ಹೊತ್ತು ನಿಂತಿದ್ದವನು ನಾನು, ಟ್ರಿಫುನ್. ಅವಳ ಕಂಠ ಎಂಥದ್ದೆಂದು ನನಗೆ ಯಾವನೂ ಹೇಳಿಕೊಡಬೇಕಾಗಿಲ್ಲ.

ಕಫಾನಾದಿಂದ ಮದುವೆಗಳಿಗೆ ಹೋದೆವು, ಮದುವೆಗಳಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಟಿವಿಗೆ. ನನ್ನ ಅಕಾರ್ಡಿಯನ್ ಹಿಂದೆ ಯಂತ್ರದ ಡ್ರಮ್ ಬಂತು, ಅವಳ ಮೈಮೇಲೆ ಮಿಂಚುವ ಬಟ್ಟೆ ಬಂತು. ವಿಯೆನ್ನಾದಲ್ಲಿ ದುಡಿಯಲು ಹೋದ ನಮ್ಮ ಜನ ಅವಳ ಹಾಡಿಗೆ ಗ್ಲಾಸು ಒಡೆದು ಅತ್ತರು. ಒಬ್ಬ ಮಾತ್ರ ಕೇಳಲಿಲ್ಲ. ಅವಳ ಅಪ್ಪ ಪೌನ್.

ಪೌನ್ ತಾಮ್ರದ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ. ಮಗಳು ಕಫಾನಾದಲ್ಲಿ ಹಾಡುತ್ತಾಳೆಂದು ಗೊತ್ತಾದ ದಿನವೇ ಅವಳ ಪೆಟ್ಟಿಗೆಯನ್ನು ಗೇಟಿನ ಹೊರಗೆ ಇಟ್ಟ. ಆಮೇಲೆ ರೇಡಿಯೋದಲ್ಲಿ ಅವಳ ಹಾಡು ಬಂದರೆ ಎದ್ದು ಆರಿಸುತ್ತಿದ್ದ. ಬಸ್ಸಿನಲ್ಲಿ ಬಂದರೆ, ಎರಡು ಹಳ್ಳಿ ಆಚೆಯಾದರೂ ಸರಿ, ಇಳಿದು ನಡೆಯುತ್ತಿದ್ದ. ಕೊನೆಗೆ ಮಗಳ ಒಂದು ಸಾಲನ್ನೂ ಕಿವಿಗೆ ಹಾಕಿಕೊಳ್ಳದೆ ಸತ್ತ. ನನಗೆ ಅವನ ಮೇಲೆ ಇದ್ದ ಸಿಟ್ಟು ಅವನ ಹೆಣ ನೋಡಿದ ಮೇಲೂ ಇಳಿಯಲಿಲ್ಲ.

ಮಣ್ಣು ಮಾಡಿ ಬರುವಾಗ ಕಾರಿನಲ್ಲಿ ರುಮೆಂಕಾ ಕೇಳಿದಳು, “ನಾನು ಹೋದಾಗ ಆ ಕಡೆ ನನ್ನನ್ನ ಯಾರು ಒಳಗೆ ಕರೀತಾರೆ ಟ್ರಿಫುನ್? ಅಪ್ಪ ಅಲ್ಲೂ ಬಾಗಿಲು ತೆಗೆಯಲ್ಲ.”

“ಈಗಲೇ ಯಾಕೆ ಆ ಚಿಂತೆ? ಅಕ್ಟೋಬರ್‌ನಲ್ಲಿ ಬೆಲ್‌ಗ್ರೇಡಿನ ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ ಇದೆ. ಅದರ ಚಿಂತೆ ಮಾಡು.”

“ನನಗೆ ಮಕ್ಕಳಿಲ್ಲ. ನನ್ನ ಪೊಮಾನ ಯಾರು ಇಡ್ತಾರೆ, ನೀನಾ? ನೀನು ನಿನ್ನ ಹೆಂಡ್ತಿ ಹುಟ್ಟಿದ ದಿನಾನೇ ಮರೀತೀಯ.”

ನಮ್ಮ ವ್ಲಾಹ್ ಜನ ಸತ್ತವರಿಗೆ ಪೊಮಾನದ ಮೇಜು ಹಾಕುತ್ತೇವೆ. ರೊಟ್ಟಿ, ಮೀನು, ವೈನು, ಹೊಸ ಅಂಗಿ, ಮೇಣದ ಬತ್ತಿ, ಬ್ಯಾಂಡಿನವರ ವಾದ್ಯ, ಎಲ್ಲವನ್ನೂ ಸತ್ತವರ ಹೆಸರು ಹೇಳಿ ಕೊಡಬೇಕು. ಹೆಸರು ಹೇಳಿ ಕೊಟ್ಟದ್ದು ಅವರಿಗೆ ತಲುಪುತ್ತದೆ, ಹೇಳದ್ದು ಇಲ್ಲೇ ಉಳಿಯುತ್ತದೆ. ನೋಡಿಕೊಳ್ಳುವವರಿಲ್ಲದವರು ಬದುಕಿರುವಾಗಲೇ ತಮ್ಮ ಪೊಮಾನ ತಾವೇ ಇಟ್ಟುಕೊಳ್ಳುತ್ತಾರೆ. ಹೋದಾಗ ಅಲ್ಲಿ ಮೇಜು ಸಿದ್ಧವಾಗಿರುತ್ತದೆ. ರುಮೆಂಕಾ ಹಾಗೆಯೇ ಇಟ್ಟುಕೊಂಡಳು, ಬೇಸಿಗೆಯಲ್ಲಿ, ಅಪ್ಪನ ಮನೆಯ ಅಂಗಳದಲ್ಲೇ. ಅವಳನ್ನು ಹೊರಹಾಕಿದ ಗೇಟಿನಿಂದ ಇಡೀ ಊರು ಒಳಗೆ ಬಂತು.

ಮೇಜು ಜೋಡಿಸಿದ್ದು ಸ್ತಾನಿಯಾ ಅಜ್ಜಿ. ಊರಿನಲ್ಲಿ ಯಾರ ಪೊಮಾನವಾದರೂ ಹೆಸರು ಕರೆದು ಕೊಡುವವಳು ಅವಳೇ. ರುಮೆಂಕಾಳನ್ನು ಮೇಜಿನ ತುದಿಯ ಮುಖ್ಯ ಜಾಗದಲ್ಲಿ ಕೂರಿಸಿ, ಕೈಗೆ ಬತ್ತಿ ಕೊಟ್ಟು ಹೇಳಿದಳು, “ತಿನ್ನು, ಕುಡಿ, ಬೇಕಾದ್ರೆ ಅಳು. ಬತ್ತಿ ಉರೀತಿರೋವರೆಗೆ ಕೊಡೋ ಕೆಲಸ ನಂದು. ನೀನು ಯಾರಿಗೂ ಏನೂ ಕೊಡಬೇಡ.”

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಕೆಡಿಸಿದ್ದು ಯಾಂಕು, ಅವಳ ಚಿಕ್ಕಪ್ಪ. ರಾಕಿಯಾ ಒಳಗೆ ಹೋದರೆ ಅವನ ನಾಲಿಗೆಗೆ ಹಿಡಿತವಿಲ್ಲ.

“ಅಲ್ವೇ ರುಮೆಂಕಾ, ವಿಯೆನ್ನಾದೋರೆಲ್ಲ ನಿನ್ನ ಹಾಡು ಕೇಳಿದ್ರು. ಈ ಅಂಗಳದಲ್ಲಿ ಒಂದು ಕೋಳಿನೂ ಕೇಳಿಲ್ವಲ್ಲೇ. ಅಣ್ಣ ಹೋದ ಮೇಲೂ ಹೆದರಿಕೆನಾ?”

ಜನ ನಕ್ಕರು. ರುಮೆಂಕಾ ನಗಲಿಲ್ಲ. ನನ್ನತ್ತ ಒಮ್ಮೆ ನೋಡಿದಳು. ಆ ನೋಟ ನನಗೆ ಗೊತ್ತು, ಶ್ರುತಿ ಹಿಡಿ ಎಂದು ಅರ್ಥ. ಕೈ ತಡೆಯಬೇಕಿತ್ತು, ಆದರೆ ಇಷ್ಟು ವರ್ಷದ ರೂಢಿ, ಬೆರಳು ತಾನಾಗಿ ಹೋಯಿತು. ಅವಳು ಎದ್ದು ನಿಂತಳು, ಬತ್ತಿಯನ್ನು ಮೈಕಿನಂತೆ ಹಿಡಿದು, ಕಫಾನಾದಲ್ಲಿ ಪ್ರತಿ ಹಾಡಿಗೂ ಮುಂಚೆ ಹೇಳುವ ಧಾಟಿಯಲ್ಲಿ ಹೇಳಿದಳು.

“ಈ ಹಾಡು ನಮ್ಮಪ್ಪ ಪೌನ್‌ಗೆ. ಕೇಳ್ಲಿ. ಈಗ ರೇಡಿಯೋ ಆರಿಸೋಕೆ ಎದ್ದು ಬರೋಕಾಗಲ್ವಲ್ಲ.”

ಕಫಾನಾದಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಈ ಹಾಡು ಮೂಲೆ ಮೇಜಿನ ಮಿಲೆನ್‌ಗೆ, ಈ ಹಾಡು ಮದುಮಗಳ ಅತ್ತೆಗೆ. ಆದರೆ ಇದು ಪೊಮಾನದ ಮೇಜು, ಕೈಯಲ್ಲಿ ಉರಿಯುವ ಬತ್ತಿ, ಹೇಳಿದ್ದು ಸತ್ತವನ ಹೆಸರು. ಸ್ತಾನಿಯಾ ಅಜ್ಜಿ ಸೌಟು ಬಿಸಾಡಿ ಓಡಿ ಬಂದಳು. ಅಷ್ಟರಲ್ಲಿ ಹಾಡು ಹೊರಟಿತ್ತು.

ಅಂಥ ಹಾಡನ್ನು ಅವಳ ಬಾಯಲ್ಲಿ ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ. ಗಾಳಿ ಇರಲಿಲ್ಲ, ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಮೇಜಿನ ಮೇಲಿನ ಬತ್ತಿಗಳ ಉರಿಯೆಲ್ಲ ಒಂದೇ ಕಡೆ, ಪೆಕ್ ಹೊಳೆಯ ಕಡೆ, ಬಾಗಿ ನಿಂತಿತು. ಹಾಡು ಮುಗಿಯುವವರೆಗೂ ನೆಟ್ಟಗಾಗಲಿಲ್ಲ. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾಂಕು ಬೆವರು ಒರೆಸಿಕೊಂಡು ಕುರಿಗಳನ್ನು ನೋಡಬೇಕೆಂದು ಎದ್ದು ಹೋದ. ಅವನ ಹತ್ತಿರ ಕುರಿಗಳೇ ಇರಲಿಲ್ಲ.

ಮುಂದಿನ ಶನಿವಾರ ಪೊಝರೆವಾತ್ಸ್‌ನಲ್ಲಿ ಒಂದು ಮದುವೆ. ನಾನು ಶ್ರುತಿ ಕೊಟ್ಟೆ, ಅವಳು ಬಾಯಿ ತೆರೆದಳು, ಬರೀ ಉಸಿರು ಬಂತು. ಮಾತಾಡಿದರೆ ಮಾತು ಬರುತ್ತದೆ, ಬೈದರೆ ಬೈಗುಳ ಬರುತ್ತದೆ, ಹಾಡಿದರೆ ಮಾತ್ರ ಏನೂ ಇಲ್ಲ. ಡಾಕ್ಟರರು ಕೊಳವೆ ಇಳಿಸಿ ನೋಡಿ, ಹುಡುಗಿಯ ಗಂಟಲಿನ ಹಾಗಿದೆ, ಏನೂ ಆಗಿಲ್ಲ ಎಂದರು. ಟಿವಿಯವರು ಪರವಾಗಿಲ್ಲ, ಟೇಪು ಹಾಕೋಣ ಎಂದರು. ಹಾಕಿದರು. ಡ್ರಮ್ ಬಂತು, ನನ್ನ ಅಕಾರ್ಡಿಯನ್ ಬಂತು, ಅವಳ ಧ್ವನಿ ಇರಬೇಕಾದ ಜಾಗದಲ್ಲಿ ನೀರು ಹರಿಯುವ ಸದ್ದು ಬಂತು. ಸ್ಟುಡಿಯೋದ ಹುಡುಗ ಬೇರೆ ಟೇಪು ಹಾಕಿದ. ಅದರಲ್ಲೂ ಅದೇ. ಮನೆಗೆ ಬಂದು ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿದೆ. ಎಲ್ಲದರಲ್ಲೂ ನೀರಿನ ಸದ್ದೇ.

ರುಮೆಂಕಾ ದಿನವಿಡೀ ಅಡುಗೆಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಳು. “ಹಾಡಿಲ್ಲದೆ ನಾನು ಯಾರು ಹೇಳು?” ಎಂದು ಒಂದು ದಿನ ಕೇಳಿದಳು. ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಹಾಲ್‌ನ ಟಿಕೆಟ್ಟೆಲ್ಲ ಆಗಲೇ ಮುಗಿದಿದ್ದವು.

ಸೆಪ್ಟೆಂಬರಿನಲ್ಲಿ ಸ್ತಾನಿಯಾ ಅಜ್ಜಿಯ ಫೋನು ಬಂತು.

“ಟ್ರಿಫುನ್, ಅವಳನ್ನ ಕರ್ಕೊಂಡು ಬಾ. ದನಗಳು ಹೊಳೆ ನೀರು ಕುಡೀತಿಲ್ಲ. ಮಧ್ಯಾಹ್ನ ಆದ್ರೆ ಸಾಕು, ನೀರೊಳಗಿಂದ ಹಾಡು. ಬಟ್ಟೆ ಒಗೆಯೋಕೆ ಹೋದ ಹೆಂಗಸ್ರು ಬಕೆಟ್ಟು ಬಿಟ್ಟು ಓಡಿ ಬರ್ತಿದಾರೆ.”

“ಅವಳದೇನಾ ಅಜ್ಜಿ?”

“ಮತ್ತೆ ಯಾರದ್ದು, ನನ್ನದಾ? ಅವಳು ಹೆಸರು ಹೇಳಿ ಕೊಟ್ಟಳು, ಅದು ನೀರಿನ ದಾರಿ ಹಿಡಿದು ಸತ್ತೋರ ಕಡೆ ಹೋಯ್ತು. ಬದುಕಿರೋರು ತಪ್ಪಿ ಕೊಟ್ಟಿದ್ದನ್ನ ವಾಪಸ್ ಕೇಳಬಹುದು. ವರ್ಷ ತುಂಬೋದ್ರೊಳಗೆ ಕೇಳಬೇಕು, ಅಷ್ಟೇ.”

ಹೋದೆವು. ಶನಿವಾರ, ಸತ್ತವರ ವಾರ. ನೆತ್ತಿಯ ಮೇಲೆ ಬಿಸಿಲು. ಗಿರಣಿ ಹಾಳುಬಿದ್ದ ಕಡೆ ಹೊಳೆ ಆಳವಾಗಿ ತಿರುಗುತ್ತದೆ, ಅಲ್ಲಿಗೆ ಅಜ್ಜಿ ನಮ್ಮನ್ನು ಕರೆದುಕೊಂಡು ಹೋದಳು. ಹಕ್ಕಿ ಕೂಗುತ್ತಿರಲಿಲ್ಲ. ನೊಣದ ಸದ್ದೂ ಇರಲಿಲ್ಲ. ನಮ್ಮ ಮೂವರ ನೆರಳು ಕಾಲ ಕೆಳಗೆ ಮುದುಡಿಕೊಂಡಿತ್ತು.

“ಹಾಡು ಬರುತ್ತೆ,” ಎಂದಳು ಅಜ್ಜಿ. “ಬಂದ ತಕ್ಷಣ ಬೊಗಸೆಯಲ್ಲಿ ನೀರು ಎತ್ತು. ತಪ್ಪಿ ಕೊಟ್ಟೆ, ವಾಪಸ್ ಕೊಡು ಅಂತ ಹೇಳಿ, ಹಾಡು ಮುಗಿಯೋದ್ರೊಳಗೆ ಕುಡಿ. ಮುಗಿದ ಮೇಲೆ ಕುಡಿದ್ರೆ ಬರೀ ನೀರು.”

ರುಮೆಂಕಾ ಬೂಟು ಬಿಚ್ಚಿ ಮಂಡಿಯವರೆಗೆ ನೀರಿಗಿಳಿದಳು. ನಾನು ದಡದಲ್ಲಿ ನಿಂತೆ. ಹೆದರಿಕೆಯಾಯಿತು ಎಂದು ಹೇಳಲು ನಾಚಿಕೆಯೇನಿಲ್ಲ.

ಹಾಡು ಬಂತು. ಕೆಳಗಿನಿಂದ ಬಂತು, ಕಲ್ಲುಗಳ ಅಡಿಯಿಂದ. ಅವಳದೇ ಧ್ವನಿ, ಆದರೆ ಟಿವಿಯ ರುಮೆಂಕಾಳದ್ದಲ್ಲ. ಸಿಗರೇಟು ಸೇದಲು ಶುರು ಮಾಡುವ ಮುಂಚಿನದು, ಬಸ್ ನಿಲ್ದಾಣದ ಎದುರಿನ ಹುಡುಗಿಯದು. ಅವಸರವಿಲ್ಲದೆ ಹಾಡುತ್ತಿತ್ತು, ಎದುರಿಗೆ ಒಬ್ಬರೇ ಕುಳಿತಿದ್ದರೆ ಹಾಡುವ ಹಾಗೆ. ನೀರಿನ ಮೇಲೆ ಒಂದು ಅಲೆಯೂ ಏಳಲಿಲ್ಲ.

ರುಮೆಂಕಾ ಬಾಗಿ ಬೊಗಸೆಯಲ್ಲಿ ನೀರು ಎತ್ತಿಕೊಂಡಳು.

“ತಪ್ಪಿ ಕೊಟ್ಟೆ,” ಎಂದಳು. “ವಾಪಸ್ ಕೊಡು.”

ಹಾಡು ನಿಲ್ಲಲಿಲ್ಲ. ಕೊನೆಯ ಚರಣಕ್ಕೆ ಬಂತು. ಅವಳು ಬೊಗಸೆಯನ್ನು ತುಟಿಯ ಹತ್ತಿರ ತಂದಳು. ಆಗ ನೀರೊಳಗಿಂದ ಯಾರೋ ಕೆಮ್ಮಿದರು. ಗಣಿಯ ಧೂಳು ತಿಂದ ಗಂಡಸಿನ ಕೆಮ್ಮು. ಈ ಊರಿನಲ್ಲಿ ಆ ಕೆಮ್ಮನ್ನು ಗುರುತಿಸದವರಿಲ್ಲ. ಅಜ್ಜಿ ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು.

“ಮುಗಿಸಬೇಡ ಮಗಳೇ,” ಎಂದಿತು ಆ ದನಿ. ಒರಟಾಗಿಯೇ ಹೇಳಿತು, ಬದುಕಿದ್ದಾಗ ಮಾತಾಡುತ್ತಿದ್ದ ಹಾಗೆಯೇ. “ಮೊದಲಿಂದ ಹಾಡು. ಇನ್ನೊಂದ್ಸಲ.”

ರುಮೆಂಕಾ ಅಲುಗಲಿಲ್ಲ.

“ಕುಡಿಯೇ,” ಎಂದಳು ಅಜ್ಜಿ. “ಕುಡಿ, ಮುಗೀತಾ ಬಂತು.”

“ಕುಡಿ ರುಮೆಂಕಾ,” ಎಂದು ನಾನೂ ಕೂಗಿದೆ. ಸ್ವಾರ್ಥವೆನ್ನಿ, ಏನಾದರೂ ಅನ್ನಿ. ಆ ಕಂಠದ ಪಕ್ಕದಲ್ಲಿ ನಿಂತು ಮುದುಕನಾದವನು ನಾನು.

ಅವಳು ಬೆರಳು ಸಡಿಲಿಸಿದಳು. ನೀರು ಬೆರಳ ಸಂದಿನಿಂದ ಇಳಿದು ಹೊಳೆಗೆ ಸೇರಿತು. ಹಾಡು ಒಂದು ಉಸಿರಿನಷ್ಟು ನಿಂತು, ಮೊದಲ ಸಾಲಿನಿಂದ ಮತ್ತೆ ಶುರುವಾಯಿತು. ಅವಳು ಪೂರ್ತಿ ಕೇಳಿಸಿಕೊಂಡಳು, ಮುಖ ಒರೆಸಿಕೊಳ್ಳಲೂ ಇಲ್ಲ. ಆಮೇಲೆ ದಡಕ್ಕೆ ಬಂದು ನನ್ನ ಹೆಗಲು ಹಿಡಿದು ಬೂಟು ಹಾಕಿಕೊಂಡಳು.

“ಹಾಲ್‌ನೋರಿಗೆ ಫೋನ್ ಮಾಡು ಟ್ರಿಫುನ್. ನಾನು ಬರಲ್ಲ ಅನ್ನು.”

“ಏನಂತ ಕಾರಣ ಹೇಳ್ಲಿ?”

“ಅಪ್ಪ ಕೇಳ್ತಿದಾನೆ ಅನ್ನು.”