ಕ್ರೇನಿನ ಮೇಲಿನ ಕಲ್ಲು

ಭಾವನ ಮೂತ್ರನಾಳದಲ್ಲಿ ನಾಲ್ಕು ಮಿಲಿಮೀಟರಿನ ಕಲ್ಲೊಂದಿದೆ ಎಂಬುದು ನಮ್ಮ ಕೆಲಸದ ಜಾಗದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಭಾವ. ಅವರು ಹದಿನೆಂಟು ಮಹಡಿಯ ಎತ್ತರದಲ್ಲಿ, ಕ್ರೇನಿನ ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಇನ್ನೊಬ್ಬಳು ನಾನು. ಕೆಳಗೆ ನಿಂತು ಅವರಿಗೆ ಕೈಸನ್ನೆ ಮಾಡುತ್ತಿದ್ದೆ: ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ನಿಲ್ಲು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ, ನಾಲ್ಕು ಜನರ ಮುಂದೆ ತಲೆ ಎತ್ತದ ನನಗೆ ಇದೇ ಸರಿಯಾದ ಕೆಲಸವೆಂದು ಭಾವನೇ ಸೇರಿಸಿದ್ದರು. ವಾಕಿಟಾಕಿಯೂ ಇತ್ತು. ಆದರೆ ಅದರಲ್ಲಿ ಆಡಿದ ಮಾತು ಮೇಸ್ತ್ರಿಯಿಂದ ಹಿಡಿದು ಎಲ್ಲರ ಕಿವಿಗೂ ಬೀಳುತ್ತಿತ್ತು.

ಮೊದಲ ಸಲ ನೋವು ಬಂದಾಗ ಸ್ಕ್ಯಾನ್ ಮಾಡಿಸಿ, ಆ ಚೀಟಿ ಹಿಡಿದು ಆಯುರ್ವೇದದ ವೈದ್ಯೆಯ ಬಳಿಗೆ ಹೋಗಿದ್ದೆವು, ಭಾವ, ಅಕ್ಕ, ನಾನು. ಆಕೆ ಕನ್ನಡಕ ಮೇಲೇರಿಸಿ ಚೀಟಿ ಓದಿದರು.

"ಸಣ್ಣದು. ತಾನಾಗೇ ಜಾರಿಹೋಗಬಹುದು. ನೆಗ್ಗಿಲು ಮುಳ್ಳಿನ ಕಷಾಯ ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ. ಉಪ್ಪು ಕಡಿಮೆ ಮಾಡಿ, ಪಾಲಕ್ ಸದ್ಯಕ್ಕೆ ಬೇಡ. ಬಾರ್ಲಿ ನೀರು, ನಿಂಬೆರಸ ಒಳ್ಳೇದು. ಇದೆಲ್ಲಕ್ಕಿಂತ ಮೊದಲು ನೀರು. ಗಂಟೆಗೊಂದು ಲೋಟ, ದಿನವಿಡೀ. ಜ್ವರ ಬಂದ್ರೆ, ವಾಂತಿ ಆದ್ರೆ, ನೋವು ತಡೆಯೋಕಾಗದಿದ್ರೆ ನನ್ನ ಹತ್ರ ಬರಬೇಡಿ. ನೇರ ದೊಡ್ಡಾಸ್ಪತ್ರೆಗೆ ಹೋಗಿ."

ಭಾವ ಅಲ್ಲಿ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಶುರುವಾಯಿತು.

"ಗಂಟೆಗೊಂದು ಲೋಟವಂತೆ! ಗಂಟೆಗೊಂದ್ಸಲ ಏಣಿ ಇಳಿದು ಹತ್ತೋಕೆ ನಾನೇನು ಕೋತಿನಾ?"

"ಒಂದು ಖಾಲಿ ಬಾಟಲಿ ಇಟ್ಕೊಳ್ಳಿ," ಎಂದಳು ಅಕ್ಕ.

"ಸುತ್ತ ಗಾಜು ಕಣೇ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಒಬ್ಬಳು ಅಜ್ಜಿ ಕೂತಿರ್ತಾಳೆ. ದಿನಾ ನನಗೆ ಕೈ ಬೀಸ್ತಾಳೆ."

"ಅಜ್ಜಿಗೂ ಹೊತ್ತು ಹೋಗುತ್ತೆ ಬಿಡಿ."

ಭಾವ ತಮ್ಮದೇ ದಾರಿ ಕಂಡುಕೊಂಡರು. ಎರಡು ಹೊತ್ತಿನ ಕಷಾಯವನ್ನೂ ಸಂಜೆಯೇ ಕುಡಿಯುವುದು. ಮೂರು ಲೀಟರ್ ನೀರನ್ನೂ ಕ್ರೇನಿನಿಂದ ಇಳಿದ ಮೇಲೆಯೇ ಕುಡಿಯುವುದು. ಹಗಲು ಮಾತ್ರ ಒಂದು ಗುಟುಕೂ ಇಲ್ಲ. "ಒಟ್ಟು ಸರಿಹೋಯ್ತಲ್ಲ," ಎಂದರು. ಅಕ್ಕ ಒಪ್ಪಿಕೊಂಡಳು. ನಾನು ಒಪ್ಪಲಿಲ್ಲ. ಹಾಗಂತ ಹೇಳಲೂ ಇಲ್ಲ.

"ಮೇಸ್ತ್ರಿಗೆ ಗೊತ್ತಾದ್ರೆ ಕ್ರೇನಿಂದ ಇಳಿಸಿಬಿಡ್ತಾನೆ. ನೀನು ಬಾಯಿ ಬಿಟ್ಟೀಯ, ಹುಷಾರ್," ಎಂದರು ನನಗೆ.

"ಅವಳು ಬಾಯಿ ಬಿಡೋದು ಊಟಕ್ಕೆ ಮಾತ್ರ," ಎಂದಳು ಅಕ್ಕ.

ಒಂಬತ್ತನೆಯ ದಿನ ಬಿಸಿಲು ಸುಡುತ್ತಿತ್ತು. ಮೇಲೆ ಆ ಗಾಜಿನೊಳಗೆ ಹೇಗಿರಬಹುದೆಂದು ಬೆಳಗಿನಿಂದ ಯೋಚಿಸುತ್ತಿದ್ದೆ. ಭಾವ ಕೊಕ್ಕೆ ಇಳಿಸಿದರೆ ಮಲಗಿದ ಮಗುವನ್ನು ಹಾಸಿಗೆಗೆ ಬಿಟ್ಟ ಹಾಗಿರುತ್ತಿತ್ತು. ಅವತ್ತು ಎರಡು ಸಲ ಕುಲುಕಿತು. ಹನ್ನೊಂದರ ಹೊತ್ತಿಗೆ ಕಬ್ಬಿಣದ ಸರಳುಗಳ ಕಟ್ಟು ಮೇಲೇರಿತು. ಏಳನೇ ಮಹಡಿಯ ತೆರೆದ ಚಾವಣಿಯ ಅಂಚಿನಲ್ಲಿ ನಿಂತಿದ್ದ ನಾನು ಎಡಕ್ಕೆ ಎಂದು ಕೈ ತೋರಿಸಿದೆ. ಕಟ್ಟು ಹೊರಟಿತು, ಅರ್ಧ ದಾರಿಯಲ್ಲಿ ನಿಂತಿತು, ತೂಗಾಡತೊಡಗಿತು. ಅದರ ನೇರ ಕೆಳಗೆ, ಅದೇ ಚಾವಣಿಯ ಮೇಲೆ, ನಾಲ್ವರು ಬಗ್ಗಿ ಸರಳು ಕಟ್ಟುತ್ತಿದ್ದರು.

ಮತ್ತೆ ಎಡಕ್ಕೆ ತೋರಿಸಿದೆ. ಕಟ್ಟು ಬಲಕ್ಕೆ ಸರಿಯಿತು.

ತಲೆ ಎತ್ತಿದೆ. ಭಾವನ ಹಣೆ ಗಾಜಿಗೆ ತಾಗಿತ್ತು. ಒಂದು ಕೈ ಹಿಡಿಕೆಯ ಮೇಲಿರಲಿಲ್ಲ, ಸೊಂಟದ ಮೇಲಿತ್ತು.

ನಿಲ್ಲು ಎಂಬ ಸನ್ನೆ ಯಾರು ಮಾಡಿದರೂ ಕ್ರೇನು ನಿಲ್ಲಲೇಬೇಕು. ಆದರೆ ಯಾಕೆ ನಿಲ್ಲಿಸಿದೆ ಎಂದು ಮೇಸ್ತ್ರಿ ಕೇಳುತ್ತಾನೆ. ಹೇಳಿದರೆ ಭಾವನ ಕೆಲಸ ಹೋಗುತ್ತದೆ. ನೋವು ಈಗ ಇಳಿಯಬಹುದು, ಇನ್ನೊಂದು ಕ್ಷಣ ನೋಡೋಣ ಎಂದುಕೊಂಡೆ. ಕಟ್ಟಿನ ಒಂದು ತುದಿ ಮೆಲ್ಲಗೆ ಬಾಗಿತು.

ಸೀಟಿ ಊದಿ, ನಿಲ್ಲು ಎಂದು ಎರಡೂ ಕೈ ಅಗಲಕ್ಕೆ ಚಾಚಿದೆ.

"ಸರಿಯಿರಿ! ಅಲ್ಲಿಂದ ಓಡಿ!"

"ಅಯ್ಯೋ, ನಮ್ಮ ಮೌನಗೌರಿ ಮಾತಾಡಿದಳು ಕಣ್ರೋ!" ಎಂದು ಒಬ್ಬ ಕೂತಲ್ಲೇ ನಕ್ಕ.

"ಆಮೇಲೆ ನಗು! ತಲೆ ಮೇಲೆ ನೋಡು!"

ನೋಡಿದ. ನಾಲ್ವರೂ ಎದ್ದು ಓಡಿದರು.

ವಾಕಿಟಾಕಿ ಗರಗರ ಎಂದಿತು. "ಯಾರದು ನಿಲ್ಲಿಸಿದ್ದು? ಏನಾಯ್ತು?"

"ಏನಿಲ್ಲ ಮೇಸ್ತ್ರಿ, ಗಾಳಿ," ಎಂದಿತು ಭಾವನ ಧ್ವನಿ.

ಮರಳಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಕೂಡ ಅಲುಗಿರಲಿಲ್ಲ. ವಾಕಿಟಾಕಿಯ ಗುಂಡಿ ಒತ್ತಿದೆ.

"ಗಾಳಿಯಲ್ಲ ಮೇಸ್ತ್ರಿ. ಭಾವನಿಗೆ ಕಿಡ್ನಿ ಕಲ್ಲಿನ ನೋವು ಬಂದಿದೆ. ಭಾವ, ಈಗ ಬೇರೆ ಏನೂ ನೋಡಬೇಡಿ, ನನ್ನ ಕೈ ಮಾತ್ರ ನೋಡಿ. ಚಾವಣಿಯ ಹಿಂದಿನ ಮೂಲೆ ಖಾಲಿ ಇದೆ, ಅಲ್ಲಿಗೆ ಇಳಿಸೋಣ."

ನಾನು ಬೆರಳು ಆಡಿಸಿದೆ. ಕಟ್ಟು ಒಂದು ಗೇಣು ಸರಿಯಿತು. ನಿಲ್ಲಿಸಿದೆ, ತೂಗಾಟ ಇಳಿಯಲು ಬಿಟ್ಟೆ, ಮತ್ತೆ ಒಂದು ಗೇಣು. ನಡುವೆ ಒಮ್ಮೆ ಅವರ ತಲೆ ಗಾಜಿನ ಕೆಳಕ್ಕೆ ಹೋಗಿ ಕಾಣದಾಯಿತು. ಕೈ ಚಾಚಿಕೊಂಡೇ ನಿಂತೆ. ತಲೆ ಮತ್ತೆ ಮೇಲೆ ಬಂತು. ಸರಳುಗಳು ನೆಲ ಮುಟ್ಟಿದಾಗ ನನ್ನ ತೋಳು ಕಲ್ಲಾಗಿತ್ತು.

ಇಬ್ಬರು ಹತ್ತಿಹೋಗಿ, ಸೊಂಟಕ್ಕೆ ಹಗ್ಗ ಬಿಗಿದು, ಮೆಟ್ಟಿಲು ಮೆಟ್ಟಿಲಾಗಿ ಅವರನ್ನು ಇಳಿಸಿದರು. ದಾರಿಯಲ್ಲಿ ಭಾವ ಎರಡು ಸಲ ವಾಂತಿ ಮಾಡಿಕೊಂಡರು. ಗಾಡಿಗೆ ಹತ್ತಿಸುವಾಗ ನನ್ನತ್ತ ನೋಡಲಿಲ್ಲ.

"ನಿನಗೆಷ್ಟು ದಿನದಿಂದ ಗೊತ್ತಿತ್ತು?" ಮೇಸ್ತ್ರಿ ಕೇಳಿದ.

"ಒಂಬತ್ತು."

"ಒಂಬತ್ತು ದಿನ ನನ್ನ ಹುಡುಗರ ತಲೆ ಮೇಲೆ..." ಎಂದವನು ಮಾತು ಮುಗಿಸದೆ ಹೋದ. ಬೈದಿದ್ದರೆ ವಾಸಿಯಿತ್ತು.

ಆಸ್ಪತ್ರೆಯಲ್ಲಿ ಸೂಜಿ, ಡ್ರಿಪ್. ಸೋಂಕಿಲ್ಲ, ಕಲ್ಲು ಮೂತ್ರಕೋಶದ ಬಾಯಿಗೆ ಬಂದು ಕೂತಿದೆ, ಕಾದು ನೋಡೋಣ ಎಂದರು. ಅಕ್ಕ ವೈದ್ಯೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ನೀರಿಲ್ಲದೆ ನನ್ನ ಕಷಾಯ ಏನಮ್ಮ ಮಾಡೀತು? ಒಣಗಿದ ಹೊಳೆಯಲ್ಲಿ ದೋಣಿ ತಳ್ಳಿದ ಹಾಗಾಯ್ತು. ಈಗ ಆಸ್ಪತ್ರೆಯವರು ಹೇಳಿದ್ದು ಕೇಳಿ."

ನಾಲ್ಕನೇ ದಿನ ಕಲ್ಲು ಬಿತ್ತು. ಕಾಳುಮೆಣಸಿನಷ್ಟು, ಕಂದು ಬಣ್ಣದ್ದು.

ಮೇಸ್ತ್ರಿ ಭಾವನನ್ನು ಕ್ರೇನಿನಿಂದ ಇಳಿಸಿದ. ಡಾಕ್ಟರ ಚೀಟಿ ತರುವವರೆಗೆ ನೆಲದ ಮೇಲೆ ಸರಕು ಕಟ್ಟುವ ಕೆಲಸ, ಅದೂ ನನ್ನ ಪಕ್ಕದಲ್ಲೇ. ಮೊದಲ ದಿನ ಮಧ್ಯಾಹ್ನ ಭಾವ ಸರಪಳಿ ಬಿಗಿಯುತ್ತಲೇ ಕೇಳಿದರು.

"ಅವತ್ತು ಅಷ್ಟು ಹೊತ್ತು ಯಾಕೆ ಸುಮ್ಮನಿದ್ದೆ?"

"ನೀವೇ ಹೇಳಬಾರದು ಅಂದಿದ್ರಲ್ಲ ಭಾವ."

"ಅಂದಿದ್ದೆ. ಆದ್ರೆ ಮೇಲಿಂದ ನಿನ್ನ ಕೈಯನ್ನೇ ನೋಡ್ತಿದ್ದೆ. ಈಗ ನಿಲ್ಲಿಸ್ತಾಳೆ, ಈಗ ನಿಲ್ಲಿಸ್ತಾಳೆ ಅಂತ."

"ನೀವೇ ಒಂದು ಮಾತು ಹೇಳಬಹುದಿತ್ತು."

"ಬಾಯಿ ಬರಲಿಲ್ಲ ಕಣೇ."

ಭಾವನ ಬದಲು ಕ್ರೇನಿಗೆ ಬಂದ ಹೊಸಬನ ಕೊಕ್ಕೆ ಕುಲುಕುತ್ತಾ ಇಳಿಯುತ್ತಿತ್ತು. ಇಬ್ಬರೂ ಹಿಂದಕ್ಕೆ ಸರಿದು ನಿಂತೆವು.