ನೀರು ಹಾಕಿದ ಕೈ

ಘಾಟು ಇನ್ನೂ ಮೂಗಿನಲ್ಲೇ ಕೂತಿದೆ, ನವಸಾಗರದ ಘಾಟು, ಗಾಳಿಗೆ ಮುಖವೊಡ್ಡಿ ಸ್ಕೂಟರ್ ಓಡಿಸಿದರೂ ಹೋಗುತ್ತಿಲ್ಲ, ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದಕ್ಕೆ ಜೋಡಿ ಟ್ರೇಲರು, ದಾರಿ ಬಿಡುವ ಲಕ್ಷಣವೇ ಇಲ್ಲ, ಹಾರ್ನ್ ಹೊಡೆದೂ ಹೊಡೆದೂ ಸುಚೇತಾಳ ಹೆಬ್ಬೆರಳು ನೋಯುತ್ತಿದೆ, ಹಿಂದಿನ ಸೀಟಿನಲ್ಲಿ ಮಗಳು ಹರಿಪ್ರಿಯಾ ಬ್ಯಾಗು ತಬ್ಬಿಕೊಂಡು ಕೂತಿದ್ದಾಳೆ, ಚಿಕ್ಕಯ್ಯನಛತ್ರದ ಸ್ಕೂಲಿನ ಗೇಟು ದಾಟಿದಾಗಿನಿಂದ ತುಟಿ ಪಿಟಕ್ಕೆಂದಿಲ್ಲ, ಆಡದಿದ್ದರೇ ಒಳ್ಳೆಯದು, ಈ ಹೊತ್ತಿನಲ್ಲಿ ಏನಾದರೂ ಕೇಳಿದರೆ ಏನಂತ ಹೇಳುವುದು — ತಾನು ಚಿಕ್ಕವಳಿದ್ದಾಗ ಇದೇ ಘಾಟು ಎಷ್ಟು ಇಷ್ಟವಾಗುತ್ತಿತ್ತು, ನಂಜನಗೂಡಿನ ಅಗ್ರಹಾರದ ಬೀದಿಯಲ್ಲಿ ಕಲಾಯಿಯವನು ತಿದಿ ಒತ್ತುತ್ತ ಕೂತಿರುತ್ತಿದ್ದ, ಕಾದ ಹಿತ್ತಾಳೆ ಪಾತ್ರೆಗೆ ಚಿಟಿಕೆ ನವಸಾಗರ ಎಸೆದ ಕೂಡಲೇ ಭುಸ್ಸೆಂದು ಬಿಳಿ ಹೊಗೆ, ದೇವಸ್ಥಾನದಿಂದ ಬಂದ ಅಪ್ಪ ಚಕ್ರಪಾಣಿ ಮಡಿಪಂಚೆ ಎತ್ತಿ ಹಿಡಿದು ಆಚೆ ಬದಿಯಲ್ಲೇ ನಿಂತು, ಸುಚೀ, ಹತ್ತಿರ ಹೋಗಬೇಡ, ಸ್ನಾನ ಆಗಿದೆ ನಿಂದು, ಮೈಲಿಗೆ ಆಗುತ್ತೆ. ಬೇರೆ ಮಾಡುವುದು ಆ ಮನೆಗೆ ಹೊಸತಾಗಿರಲಿಲ್ಲ, ಮಡಿಯದು ಬೇರೆ, ಮೈಲಿಗೆಯದು ಬೇರೆ, ಎಂಜಲು ಬೇರೆ, ಮುಸುರೆ ಬೇರೆ, ಅಮ್ಮ ಚಂಪಕ ಇಡೀ ದಿನ ಅಡುಗೆಮನೆಯಲ್ಲಿ ಮಾಡುತ್ತಿದ್ದದ್ದು ಅದನ್ನೇ, ಮಿಶ್ರಣಗಳನ್ನು ಬೇರ್ಪಡಿಸುವ ಪಾಠ ತನ್ನ ತಲೆಗೆ ಅಷ್ಟು ಸಲೀಸಾಗಿ ಹತ್ತಿದ್ದು ಅದಕ್ಕೇ ಇರಬೇಕು, ಬೇರೆ ಹುಡುಗಿಯರು ತಿಣುಕುತ್ತಿದ್ದಾಗ ಸುಚೇತಾಳಿಗೆ ನೂರಕ್ಕೆ ನೂರು ಬರುತ್ತಿತ್ತು.

ಆಗಿದ್ದಾದರೂ ಏನು ಅಂಥದ್ದು, ವರ್ಷ ವರ್ಷ ಆಗುವುದೇ, ಒಂಬತ್ತನೇ ಕ್ಲಾಸಿನ ಕೊನೆಗೆ ಜೊಳ್ಳು ಹಾರಿಸುವುದು, ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಿಮ್ಮ ಮಗುವಿಗೆ ಇಲ್ಲಿಯ ಸಿಲೆಬಸ್ ಭಾರ ಆಗ್ತಿದೆ, ಟೀಸಿ ತಗೊಂಡು ಬೇರೆ ಕಡೆ ಸೇರಿಸಿ, ಎಂದು ತಂದೆತಾಯಿಗೆ ಬೆಣ್ಣೆಯಂಥ ಮಾತಿನಲ್ಲಿ ಹೇಳುವುದು, ಗ್ಯಾರಂಟಿ ಪಾಸಾಗುವವರನ್ನು ಮಾತ್ರ ಹತ್ತನೇ ಕ್ಲಾಸಿಗೆ ಕೂರಿಸುವುದು, ಆಮೇಲೆ ನಂಜನಗೂಡು ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸು, ಶೇಕಡ ನೂರು ಫಲಿತಾಂಶ, ಮೂಲೆಯಲ್ಲಿ ಗುಂಡಗೆ ಸೈನ್ಸ್ ಟೀಚರ್ ಸುಚೇತಾ ಮೇಡಂ ಫೋಟೋ, ಹೂವಿನ ಬೊಕ್ಕೆ ಹಿಡಿದು. ಆ ಫೋಟೋ ನೋಡಿ ತನಗೂ ಹಿಗ್ಗಾಗಿತ್ತು, ಸುಳ್ಳು ಯಾಕೆ. ಜೊಳ್ಳಿನಲ್ಲಿ ತನ್ನ ಮನೆಯ ಕಾಳೂ ಇರಬಹುದು ಎಂದು ಯಾರು ಅಂದುಕೊಂಡಿದ್ದರು — ಹೆಡ್‌ಮಾಸ್ಟರ್ ಕೃಷ್ಣಪ್ರಸಾದ್ ಮೊನ್ನೆ ಕರೆದು ಕೂರಿಸಿ ಕಾಫಿ ತರಿಸಿದರು, ಕಾಫಿ ಬಂದಾಗಲೇ ಏನೋ ಇದೆ ಎಂದು ಗೊತ್ತಾಗಿತ್ತು, ನೋಡಿ ಮೇಡಂ, ಕೊನೆಗೆ ಇಬ್ಬರು ಉಳಿದಿದ್ದಾರೆ, ಇಬ್ಬರೂ ಗೆರೆ ಮೇಲೇ ಇದ್ದಾರೆ, ಒಬ್ಬರನ್ನ ಹೆಂಗೋ ಎಳಕೊಂಡು ಹೋಗಬಹುದು, ಇಬ್ಬರನ್ನೂ ಇಟ್ಟುಕೊಂಡರೆ ಮ್ಯಾನೇಜ್‌ಮೆಂಟಿನವರು ನನ್ನ ತಲೆ ತೆಗೀತಾರೆ, ಒಬ್ಬಳು ಆ ಹಳ್ಳಿ ಹುಡುಗಿ ತೇಜಸ್ವಿನಿ, ಇನ್ನೊಬ್ಬಳು — ಕಿಟಕಿ ಕಡೆ ತಿರುಗಿಕೊಂಡರು — ನಿಮ್ಮ ಹರಿಪ್ರಿಯಾ, ನಿಮ್ಮ ಪ್ರಾಕ್ಟಿಕಲ್ ಬಾಕಿ ಇದೆಯಲ್ಲ, ಅದರಲ್ಲೇ ತೀರ್ಮಾನ ಆಗಿಹೋಗಲಿ, ಸೋಡಿಯಂ ಇದ್ದ ಹಾಗೆ ಅಲ್ವಾ ಮೇಡಂ, ಹೊರಸುತ್ತಿನ ಆ ಒಂದು ಎಲೆಕ್ಟ್ರಾನ್ ಬಿಟ್ಟುಬಿಟ್ಟರೆ ಸ್ಟೇಬಲ್, ನಿಮಗೆ ನಾನು ಹೇಳಬೇಕಾ. ತಾನು ನಕ್ಕಳು, ಯಾಕೆ ನಕ್ಕಳು, ನಗು ಬರುವ ಮಾತೇ ಅಲ್ಲ ಅದು. ಎರಡು, ಎಂಟು, ಒಂದು, ಆ ಒಂದೇ ಮೊದಲು ಹೋಗುವುದು, ನ್ಯೂಕ್ಲಿಯಸ್ಸಿನಿಂದ ಅಷ್ಟು ದೂರ ಇದ್ದ ಮೇಲೆ ಹಿಡಿತ ಸಡಿಲ, ಬೋರ್ಡಿನ ಮೇಲೆ ಸುತ್ತು ಸುತ್ತಾಗಿ ಬರೆದು ತೋರಿಸಿದ್ದಾಗ ಇದೇ ತೇಜಸ್ವಿನಿ ಕೈ ಎತ್ತಿ, ಅಂಗಾದ್ರೆ ಬುಟ್ಟೋದ ಎಲೆಕ್ಟ್ರಾನು ಎಲ್ಲೋಗುತ್ತೆ ಮಿಸ್, ಎಂದು ಕೇಳಿ ಕ್ಲಾಸೆಲ್ಲ ಘೊಳ್ಳೆಂದಿತ್ತು, ಇಂಗ್ಲಿಷಿನಲ್ಲಿ ಕೇಳು, ಇಲ್ಲಾಂದ್ರೆ ಕೂತ್ಕೋ, ಎಂದಿದ್ದಳು ಸುಚೇತಾ. ಕ್ಲೋರಿನ್ ಅದನ್ನು ತಗೊಳ್ಳುತ್ತೆ ಎಂದು ಒಂದು ಮಾತು ಹೇಳಬಹುದಿತ್ತು, ಪುಸ್ತಕದಲ್ಲೇ ಇದೆ.

ಇಂಗ್ಲಿಷ್, ಅದೊಂದು ಬಂದಿದ್ದರೆ ಆ ಹುಡುಗಿಯ ಹೆಸರು ಗೆರೆಯ ಹತ್ತಿರಕ್ಕೂ ಬರುತ್ತಿರಲಿಲ್ಲ, ಊರಿನ ಕನ್ನಡ ಸ್ಕೂಲಿನಿಂದ ಬಂದವಳು, ಗೊತ್ತಿದ್ದದ್ದನ್ನು ಬರೆಯಲಾರಳು, ಹರಿಪ್ರಿಯಾ ಗೊತ್ತಿಲ್ಲದ್ದನ್ನು ಚೆಂದವಾಗಿ ಬರೆಯುತ್ತಾಳೆ, ಎರಡಕ್ಕೂ ಅಷ್ಟಷ್ಟೇ ಮಾರ್ಕು ಬರುತ್ತದೆ — ಪ್ರಾಕ್ಟಿಕಲ್ಲಿನ ಮಿಶ್ರಣ ಇವತ್ತು ಬೆಳಿಗ್ಗೆ ತಾನೇ ಕಲೆಸಿದ್ದು, ಹೊಳೆ ಮರಳು, ಅಡುಗೆ ಉಪ್ಪು, ಕಬ್ಬಿಣದ ಪುಡಿ, ನವಸಾಗರ, ಮೊದಲು ಅಯಸ್ಕಾಂತ ಆಡಿಸಿ ಕಬ್ಬಿಣ ತೆಗೆಯಬೇಕು, ಆಮೇಲೆ ಪಿಂಗಾಣಿ ಬಟ್ಟಲಲ್ಲಿ ಕಾಯಿಸಬೇಕು, ನವಸಾಗರ ಕರಗದೆ ನೇರ ಹೊಗೆಯಾಗಿ ಎದ್ದು ಮೇಲೆ ಬೋರಲು ಹಾಕಿದ ಆಲಿಕೆಯ ಒಳಗೋಡೆಗೆ ಬೆಳ್ಳಗೆ ಕೂರುತ್ತದೆ, ನೀರು ಆಮೇಲೆ, ನೀರು ಕೊನೆಗೆ, ನಿನ್ನೆ ರಾತ್ರಿ ಚಪಾತಿ ಲಟ್ಟಿಸುತ್ತ ಮಗಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದಳು, ನೀರು ಕೊನೆಗೆ ಕಣೇ ಪ್ರಿಯಾ, ಅವಳು ಹೂಂ ಹೂಂ ಎನ್ನುತ್ತ ಮೊಬೈಲ್ ಒತ್ತುತ್ತಿದ್ದಳು. ಇಬ್ಬಿಬ್ಬರಿಗೆ ಒಂದು ಟೇಬಲ್ಲು, ಆ ಇಬ್ಬರನ್ನೂ ಒಟ್ಟಿಗೆ ಹಾಕಿದ್ದು ತಾನೇ, ಹಳ್ಳಿ ಹುಡುಗಿಯ ಕೈ ಚುರುಕು, ಅವಳು ಮಾಡಿದ್ದರಲ್ಲಿ ಮಗಳಿಗೂ ಪಾಲು ಸಿಗಲಿ ಎಂದೋ, ಇನ್ನೇತಕ್ಕೋ, ಅದು ತನಗೂ ಸರಿಯಾಗಿ ಗೊತ್ತಿಲ್ಲ, ಗೊತ್ತಿದೆ. ತೇಜಸ್ವಿನಿ ಅಯಸ್ಕಾಂತಕ್ಕೆ ಕಾಗದ ಸುತ್ತಿ ಮೆಲ್ಲಗೆ ಆಡಿಸುತ್ತಿದ್ದಳು, ಹರಿಪ್ರಿಯಾ ಬೀಕರ್ ಎತ್ತಿ ಇಡೀ ನೀರನ್ನು ಮಿಶ್ರಣದ ಮೇಲೆ ದಬದಬ ಸುರಿದಳು, ತನ್ನ ಕಣ್ಣೆದುರೇ ಸುರಿದಳು, ಅಯ್ಯೋ ಬ್ಯಾಡ ಕಣೇ, ಎಂದು ತೇಜಸ್ವಿನಿ ಕೈ ಅಡ್ಡ ಹಿಡಿಯುವುದರೊಳಗೆ ಉಪ್ಪೂ ನವಸಾಗರವೂ ಎರಡೂ ನೀರಿನಲ್ಲಿ ಒಂದಾಗಿ ಹೋದವು, ಆಮೇಲೆ ಆ ಹುಡುಗಿ ಸುಚೇತಾಳ ಕಡೆ ತಿರುಗಿ, ಪರವಾಗಿಲ್ಲ ಮಿಸ್, ಏನೂ ಕೆಟ್ಟಿಲ್ಲ, ಸೋಸ್ಕಂಡು ನೀರೆಲ್ಲ ಇಂಗ್ಸಿ ಆಮೇಕೆ ಕಾಯಿಸುದ್ರೆ ನವಸಾಗರ ಆಗ್ಲೂ ಮ್ಯಾಕೆ ಏಳುತ್ತೆ. ಸರಿ ಇತ್ತು, ನೂರಕ್ಕೆ ನೂರು ಸರಿ ಇತ್ತು, ಸುತ್ತು ದಾರಿ, ಆದರೂ ದಾರಿಯೇ, ಭೇಷ್ ಎನ್ನಬೇಕಾಗಿತ್ತು, ಎನ್ನಲು ಬಾಯಿ ತೆರೆದಿದ್ದಳೇನೋ, ಅಷ್ಟರಲ್ಲಿ ಬಾಗಿಲಲ್ಲಿ ಕೃಷ್ಣಪ್ರಸಾದ್, ಯಾರು ಮರಿ ಮೊದಲೇ ನೀರು ಹಾಕಿದ್ದು. ಖಾಲಿ ಬೀಕರ್ ಇನ್ನೂ ಹರಿಪ್ರಿಯಾಳ ಕೈಯಲ್ಲೇ ಇತ್ತು, ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹಾಗಿದ್ದೂ ಅವಳು ರೆಪ್ಪೆ ಬಡಿಯದೆ, ತೇಜು ಸಾರ್, ಎಂದಳು, ಹೆಡ್‌ಮಾಸ್ಟರು ಬೀಕರನ್ನು ನೋಡಿದರು, ಸುಚೇತಾಳನ್ನು ನೋಡಿದರು, ಹೌದಾ ಮೇಡಂ. ಹೌದು ಸಾರ್, ನಾನೇ ನೋಡಿದೆ. ಎಷ್ಟು ಹಗುರವಾಗಿ ಬಂತು ಆ ಮಾತು, ಅಟೆಂಡೆನ್ಸ್ ಕೂಗಿದಷ್ಟು ಹಗುರ. ತೇಜಸ್ವಿನಿ ಸ್ಟೂಲನ್ನು ಸದ್ದಾಗದಂತೆ ಕೈಯಿಂದಲೇ ಹಿಂದಕ್ಕೆ ಸರಿಸಿ ಎದ್ದು ನಿಂತಳು.

ಮಧ್ಯಾಹ್ನಕ್ಕೆ ಅವಳ ಅಜ್ಜಿ ಬಂತು, ಚಿಕ್ಕಮಾದಮ್ಮ, ಫೋನು ಹೋದ ಕೂಡಲೇ ಡೈರಿಗೆ ಹಾಲು ಹಾಕುವ ಕ್ಯಾನು ಸಮೇತ ಶೇರ್ ಆಟೋ ಹತ್ತಿ ಬಂದಿದ್ದು, ಲ್ಯಾಬಿನ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಕೈ ಮುಗಿದು, ಮೇಡಮ್ಮೋರೆ, ನಿಮ್ಮ ಕಾಲ್ಗೆ ಬೀಳ್ತೀನಿ, ಇಸ್ಕೂಲಿಂದ ಮಾತ್ರ ತೆಗೀಬ್ಯಾಡಿ, ಅವರಪ್ಪ ಇದ್ನೇ ಕಾಯ್ತಾವ್ನೆ, ಇವತ್ತೇ ಬುಡುಸ್ಬುಟ್ಟು ಅವರವ್ವನ ಜತೆ ಗಾರ್ಮೆಂಟ್ಸಿಗೆ ಆಕ್ಬುಡ್ತಾನೆ, ನಾನೇ ಅಡ್ಡ ನಿಂತು ಓದುಸ್ತಿರೋದು. ಕಾಲು ಹಿಂದಕ್ಕೆ ತೆಗೆದುಕೊಂಡಳು ಸುಚೇತಾ, ಮುದುಕಿ ನಿಜವಾಗಿಯೂ ಬಿದ್ದುಬಿಟ್ಟರೆ ಎಂದು, ಅಜ್ಜಿ, ನಾನೇನು ಮಾಡಲಿ ಹೇಳಿ, ನಾನು ಕಲಿಸೋದು ಕಲಿಸಿದ್ದೀನಿ, ಇಷ್ಟು ಸಣ್ಣ ಕೆಲಸದಲ್ಲೂ ನಿಮ್ಮ ಮೊಮ್ಮಗಳು ಮೊದಲೇ ನೀರು ಸುರಿದು ಎಲ್ಲ ಹಾಳು ಮಾಡಿದ್ದಾಳೆ. ನಾನ್ ಉಯ್ಲಿಲ್ಲ ಕಣಜ್ಜಿ, ಎಂದಳು ತೇಜಸ್ವಿನಿ, ಅಷ್ಟೇ, ಪ್ರಿಯಾ ಉಯ್ದಿದ್ದು ಎನ್ನಲಿಲ್ಲ, ಅವಳು ಎದುರಿಗೇ ನಿಂತಿದ್ದರೂ ಹೆಸರು ಹೇಳಲಿಲ್ಲ, ಹೇಳಿದ್ದರೆ ವಾಸಿಯಿತ್ತು, ಒಂದು ಜಗಳವಾದರೂ ಆಗುತ್ತಿತ್ತು. ಸುಳ್ಳು ಬೇರೆ ಕಲಿತಿದ್ದಾಳೆ, ಎಂದಳು ಸುಚೇತಾ, ಇದನ್ನು ಯಾರೂ ಹೇಳಿಸಿರಲಿಲ್ಲ, ಹೆಡ್‌ಮಾಸ್ಟರೂ ಅಲ್ಲಿರಲಿಲ್ಲ, ಇದು ಪೂರ್ತಿ ತನ್ನದೇ. ಮುದುಕಿ ತಿರುಗಿ ಪಟಾರೆಂದು ಬಾರಿಸಿತು, ಮೇಡಮ್ಮೋರು ಸುಳ್ಳೇಳ್ತಾರೇನೇ, ಅಷ್ಟು ಓದ್ಕಂಡಿರೋರು, ನಿನ್ ಬಾಯ್ಗೆ ಮಣ್ಣಾಕ, ಇನ್ನೊಂದು ಏಟು, ಮತ್ತೊಂದು, ಹುಡುಗಿಯ ಜಡೆ ಬಿಚ್ಚಿಹೋಯಿತು, ಸುಚೇತಾ ಬಿಡಿಸಲು ಹೋಗಲಿಲ್ಲ, ಒಳಗೆ ಎಲ್ಲೋ ಒಂದು ಕಡೆ ಹಾಯೆನಿಸಿತು, ಹೊಡೆತ ಬಿದ್ದ ಮೇಲೆ ತಪ್ಪು ಹೊಡೆಸಿಕೊಂಡವರದೇ ಎಂದು ಎಲ್ಲರಿಗೂ ಒಪ್ಪಿಗೆಯಾದಂತೆ. ಟೀಸಿ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಮುದುಕಿ ಹೊರಟಿತು, ಹೋಗುತ್ತ ಕ್ಯಾನಿನ ತಳದಲ್ಲಿದ್ದ ಹಾಲನ್ನು ನಿಮ್ಮ ಮಗೀಗೆ ಕೊಡಿ ಎಂದು ಬೀಕರಿಗೆ ಬಗ್ಗಿಸಿ ಹೋಯಿತು. ಅವರೆಲ್ಲ ಹೋದ ಮೇಲೆ ತಾನೊಬ್ಬಳೇ ಸ್ಪಿರಿಟ್ ಲ್ಯಾಂಪ್ ಹಚ್ಚಿದಳು, ಆ ಟೇಬಲ್ಲಿನ ನೀರನ್ನು ಸೋಸಿ, ಇಂಗಿಸಿ, ಉಳಿದ ಬಿಳಿ ಪುಡಿಯನ್ನು ಮತ್ತೆ ಕಾಯಿಸಿದಳು, ಏಳದಿರಲಿ ಎಂದು ದೇವರಿಗೆ ಕೈ ಮುಗಿಯುವುದೊಂದು ಬಾಕಿ, ಹೊಗೆ ಎದ್ದಿತು, ದಟ್ಟವಾಗಿ ಎದ್ದು ಆಲಿಕೆಯ ತುಂಬ ಕೂತಿತು, ಆ ಹುಡುಗಿ ಹೇಳಿದ್ದಂತೆಯೇ. ಆಲಿಕೆಯನ್ನೂ ಬಟ್ಟಲನ್ನೂ ಸಿಂಕಿಗೆ ಹಾಕಿ ನಲ್ಲಿ ತಿರುಗಿಸಿದಳು, ಹಾಲನ್ನೂ ಅಲ್ಲೇ ಚೆಲ್ಲಿದಳು.

ಟ್ರ್ಯಾಕ್ಟರು ಕೊನೆಗೂ ಫ್ಯಾಕ್ಟರಿ ರಸ್ತೆಗೆ ತಿರುಗಿತು, ದಾರಿ ಬಯಲಾಯಿತು, ಆದರೂ ಸ್ಕೂಟರಿನ ವೇಗ ಹೆಚ್ಚುತ್ತಿಲ್ಲ, ಮಗಳ ಗಲ್ಲ ಬೆನ್ನಿಗೆ ತಾಗಿದೆ, ಅಳುತ್ತಿದ್ದಾಳೆ, ಪಾಪ, ಮಗು ಅದು, ಇಷ್ಟು ಹೊತ್ತು ತಡೆದುಕೊಂಡಿದ್ದದ್ದು ಈಗ ಬಂತು, ಅಳಲಿ, ಅಮ್ಮ ನಾನು ತಪ್ಪು ಮಾಡಿದೆ ಎಂದು ಒಂದು ಮಾತು ಅಂದುಬಿಡಲಿ, ಗಾಡಿ ನಿಲ್ಲಿಸಿ ತಬ್ಬಿಕೊಂಡು ತಾನೂ ಅತ್ತುಬಿಡುತ್ತಾಳೆ, ಬೇಕಾದರೆ ವಾಪಸ್ಸು ತಿರುಗಿಸುತ್ತಾಳೆ, ಟೀಸಿ ಇನ್ನೂ ಹೆಡ್‌ಮಾಸ್ಟರ ಮೇಜಿನ ಮೇಲೇ ಇದೆ, ಹರಿದರೆ ಹರಿದುಹೋಯಿತು, ಅಷ್ಟೇ ತಾನೆ, ಅನ್ನಲಿ, ಒಂದೇ ಒಂದು ಸಲ ಅನ್ನಲಿ — ಅಮ್ಮಾ, ಎಂದಳು ಹರಿಪ್ರಿಯಾ, ಕಿವಿಯ ಹತ್ತಿರ, ದನಿಯಲ್ಲಿ ಅಳುವಿನ ಪಸೆಯೂ ಇಲ್ಲ, ಟೆಂತಲ್ಲಿ ನನ್ನ ಪಕ್ಕ ಯಾರನ್ನ ಕೂರಿಸ್ತೀಯ? ಯಾಕೆ, ಎಂದಿತು ಸುಚೇತಾಳ ಬಾಯಿ. ಪ್ರಿಪರೇಟರಿ ಆದ್ಮೇಲೆ ವೀಕ್ ಇರೋರನ್ನ ಇನ್ನೊಂದು ಸಲ ತೆಗೀತಾರಂತಲ್ಲಮ್ಮ, ತೇಜು ಥರದೋಳನ್ನೇ ಯಾರನ್ನಾದ್ರೂ ಕೂರಿಸು, ಸುಮ್ನಿರೋಳನ್ನ. ಬ್ರೇಕ್ ಹಾಕಬೇಕು, ಇಳಿಸಿ ಕೆನ್ನೆಗೆ ಎರಡು ಬಿಡಬೇಕು, ಕೈ ಆಕ್ಸಿಲರೇಟರನ್ನು ತಿರುವುತ್ತಲೇ ಇದೆ, ಮನಸ್ಸು ಆಗಲೇ ಬೆಂಚುಗಳ ಸಾಲಿನಲ್ಲಿ ನಡೆದು ಹೋಗುತ್ತಿದೆ, ಸುಪ್ರೀತ್ ಆಗುವುದಿಲ್ಲ, ಅವನ ಅಪ್ಪ ಲಾಯರು, ಅವನ ಹಿಂದಿನ ಹುಡುಗಿ ಬಾಯಿಬಡುಕಿ, ಊರೆಲ್ಲ ಡಂಗುರ ಹೊಡೆಯುತ್ತಾಳೆ, ಮೂರನೇ ಸಾಲಿನಲ್ಲಿ ಗೌತಮಿ, ಸ್ಕೂಲ್ ವ್ಯಾನಿನ ಡ್ರೈವರ್ ಸಿದ್ದರಾಜುವಿನ ಮಗಳು, ಅಪ್ಪನ ಕೆಲಸ ಸ್ಕೂಲಿನದೇ, ಎದುರು ಮಾತಾಡುವ ಹಾಗಿಲ್ಲ, ಹುಡುಗಿಯೂ ಮೆತ್ತಗೆ, ದಿನಾ ತನಗೆ ಒಂದು ಮೊಳ ಕಾಕಡ ಹೂ ತಂದುಕೊಡುತ್ತಾಳೆ, ಬೇಡ, ಆ ಮಗು ಬೇಡ, ಗೌತಮೀ, ಸ್ವಲ್ಪ ಇಲ್ಲಿ ಬಾಮ್ಮ, ಪ್ರಿಯಾ ಪಕ್ಕ ಕೂತ್ಕೋ, ಎಂದು ತಾನು ಕರೆದಾಗಿದೆ, ಗೌತಮಿ ನಗುತ್ತಾಳೆ, ಸ್ಟೂಲನ್ನು ಸದ್ದಾಗದಂತೆ ಕೈಯಿಂದಲೇ ಹಿಂದಕ್ಕೆ ಸರಿಸಿ ಎದ್ದು ನಿಲ್ಲುತ್ತಾಳೆ, ಸದ್ದಾಗದಂತೆ, ಹಿಂದಕ್ಕೆ ಸರಿಸಿ, ಎದ್ದು ನಿಲ್ಲುತ್ತಾಳೆ —