ಹೊರಗಿನಿಂದ ಬಿಗಿದ ಗಾಜು

ಆ ಗಾಜು ಹಾಕಿದ್ದು ಅವನೇ. ಅವನ ಸಂಕಟಕ್ಕೆ ಅದೇ ಕಾರಣ.

ಆರು ವರ್ಷದ ಹಿಂದೆ, ಕಾಯಿಲೆ ಊರಿಗೆ ಊರನ್ನೇ ನುಂಗುತ್ತಿದ್ದಾಗ, ದೊಡ್ಡಾಸ್ಪತ್ರೆಯಿಂದ ಫೋನ್ ಬಂತು. "ಚೀಟಿ ಕೌಂಟರಿಗೆ ಅರ್ಜೆಂಟಾಗಿ ಒಂದು ಗಾಜು ಬೇಕು. ಮೂರು ತಿಂಗಳ ಮಟ್ಟಿಗೆ ಅಷ್ಟೆ." ಅಪ್ಪ, ಮಗ ಇಬ್ಬರೂ ಗಾಜಿನ ಕೆಲಸದವರು. ಊರೆಲ್ಲ ಚಿಲಕ ಹಾಕಿಕೊಂಡು ಒಳಗೆ ಕೂತಿದ್ದಾಗ ಇವರಿಬ್ಬರು ಖಾಲಿ ಬೀದಿಯಲ್ಲಿ ಗಾಜು ಹೊತ್ತು ನಡೆದರು. ಒಳಗೆ ಬಂದು ಸ್ಕ್ರೂ ಹಾಕ್ತೀವಿ ಅಂದರೆ ಆಫೀಸಿನವರು ಬಿಡಲಿಲ್ಲ. "ಎಲ್ಲೆಲ್ಲಿ ಸುತ್ತಿ ಬಂದಿದ್ದೀರೋ ಏನೋ! ಹೊರಗಿಂದಲೇ ಹಾಕಿ." ಸರಿ, ಅಪ್ಪ ಗಾಜು ಹಿಡಿದ, ಇವನು ಹೊರಗಡೆಯಿಂದಲೇ ಎಂಟು ಸ್ಕ್ರೂ ಬಿಗಿದ. ಮಾತಾಡುವ ತೂತನ್ನು, ಫೋನಲ್ಲಿ ಹೇಳಿದ ಅಳತೆಯಂತೆ, ಒಳಗೆ ಕುರ್ಚಿಯಲ್ಲಿ ಕೂರುವ ಮೇಡಂ ಬಾಯಿಯ ಮಟ್ಟಕ್ಕೆ ಕೊರೆದು ತಂದಿದ್ದರು. ಕೂತವರ ಬಾಯಿ ನಿಂತವರ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ ಅನ್ನೋದು ಆ ಗಡಿಬಿಡಿಯಲ್ಲಿ ಯಾರಿಗೆ ಹೊಳೆಯಬೇಕು?

ಮೂರು ವಾರ ಕಳೆಯುವಷ್ಟರಲ್ಲಿ ಅಪ್ಪ ಅದೇ ಕಾಯಿಲೆಗೆ ಹೋದ. ಅವನಿಗೂ ಊರಿಗೂ ನಡುವೆ ಯಾರೂ ಗಾಜು ಹಾಕಿರಲಿಲ್ಲ.

ಆಮೇಲೆ ಕಾಯಿಲೆ ಹೋಯಿತು, ಗಾಜು ಹೋಗಲಿಲ್ಲ. ಗೇಟಿನ ಮೇಲಿನ 'ರೋಗಿ ಒಬ್ಬರೇ, ಜೊತೆಯವರು ಹೊರಗೆ' ಅನ್ನೋ ಬೋರ್ಡೂ ಹೋಗಲಿಲ್ಲ. ಯಾಕೆ ಹೋಗುತ್ತೆ? ಗಾಜಿನಾಚೆಯವರಿಗೆ ಜನರ ಕೂಗು ಕೇಳಿಸದ ಸುಖ ಸಿಕ್ಕಿತ್ತು. ಭಯ ಬಿಟ್ಟವರು ಸುಖ ಬಿಡುತ್ತಾರೆಯೇ?

ಈಗ ಆ ಗಾಜಿನ ಮುಂದೆ ಅವನ ಅಮ್ಮ ನಿಂತಿದ್ದಳು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ. ಈ ತಿಂಗಳೇ ಆಪರೇಷನ್ ಆಗದಿದ್ದರೆ ಅದೂ ಕೈಬಿಡುತ್ತದೆ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಆದರೆ ದಿನ ಗೊತ್ತುಮಾಡುವವಳು ಚೀಟಿ ಮೇಡಂ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅಮ್ಮನಿಗೆ ಕಿವಿಯೂ ಮಂದ. ಹತ್ತಿರ ನಿಂತು ಎದುರಿನವರ ಬಾಯಿ ನೋಡಿಯೇ ಮಾತು ಹಿಡಿಯುವವಳು. ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಮೇಡಂ ಬಾಯಿ ಕಾಣುತ್ತಿರಲಿಲ್ಲ. ತೂತಿಗೆ ಕಿವಿ ಕೊಡೋಣ ಅಂದರೆ ಸೊಂಟ ಬಗ್ಗುತ್ತಿರಲಿಲ್ಲ. ಮೂರು ಸಲ ಕರೆಯುತ್ತಾರೆ, ಉತ್ತರ ಬರದಿದ್ದರೆ ಮುಂದಿನ ತಿಂಗಳು ಬಾ. ಹೀಗೆ ಎರಡು ತಿಂಗಳು ಬರಿಗೈಲಿ ಬಂದು, ಗೇಟಿನ ಹೊರಗೆ ಕಾಯುತ್ತಿದ್ದ ಮಗನಿಗೆ, "ಏನೋ ಅಂದ್ರು ಕಣಪ್ಪ, ಏನು ಅಂತ ತಿಳೀಲಿಲ್ಲ" ಅಂದಿದ್ದಳು.

ಇವತ್ತು ಅವನು ಕೆಲಸದ ಚೀಲದ ಸಮೇತ ಒಳಗೆ ನುಗ್ಗಿದ್ದ.

"ಏಯ್, ಜೊತೆಯವರು ಹೊರಗೆ!" ಅಂದ ಗೇಟಿನವನು.

"ಜೊತೆಯವನಲ್ಲಣ್ಣ, ರಿಪೇರಿಯವನು" ಅಂತ ಚೀಲ ಅಲ್ಲಾಡಿಸಿದ್ದ. ಹೇಳಿದಾಗ ಅದು ಸುಳ್ಳೇ ಆಗಿತ್ತು.

"ನಲವತ್ತೊಂದು, ಮೊದಲನೇ ಕರೆ!" ಅಂದಳು ಮೇಡಂ.

ಅವನು ತೂತಿಗೆ ಬಗ್ಗಿದ. "ಇಲ್ಲೇ ಇದಾರೆ ಮೇಡಂ. ನಮ್ಮಮ್ಮ. ಏನು ಕೇಳಬೇಕೋ ನನ್ನ ಕೇಳಿ."

"ನೀವು ಹೇಳೋ ಹಾಗಿಲ್ಲ. ರೋಗಿನೇ ತೂತಿಗೆ ಬಂದು ಹೇಳಬೇಕು. ರೂಲ್ಸು."

"ಅವರಿಗೆ ಬಗ್ಗೋಕಾಗಲ್ಲ, ಕಿವಿನೂ ಕೇಳಲ್ಲ. ನೀವೇ ಒಂದು ನಿಮಿಷ ಆಚೆ ಬನ್ನಿ."

"ಸೀಟು ಬಿಟ್ಟು ಬರೋ ಹಾಗಿಲ್ಲ. ನಲವತ್ತೊಂದು, ಎರಡನೇ ಕರೆ!"

ಅಮ್ಮ ಅವನ ತೋಳು ಹಿಡಿದಳು. "ಏನಂತೋ?"

ಅಷ್ಟರಲ್ಲಿ ಒಳಗಿನಿಂದ ಸಾಹೇಬರು ಟೀ ಲೋಟದ ಸಮೇತ ಬಂದರು. "ಏನ್ರೀ ಗಲಾಟೆ?"

"ಸಾರ್, ಈ ಗಾಜು ತೆಗೆಸಿ. ಮೂರು ತಿಂಗಳಿಗೆ ಅಂತ ಹಾಕಿದ್ದು. ಹಾಕಿದೋನು ನಾನೇ."

"ತೆಗೆಯೋಕೆ ಲಿಖಿತ ಆದೇಶ ಬೇಕಪ್ಪ. ಮೇಲಕ್ಕೆ ಫೈಲ್ ಹೋಗಬೇಕು, ಏಳು ಸಹಿ ಆಗಬೇಕು."

"ಹಾಕೋಕೆ ಎಷ್ಟು ಸಹಿ ಆಗಿತ್ತು?"

"ಆಗ ಫೋನಲ್ಲೇ ಹೇಳಿದ್ವಿ. ಆಗ ತುರ್ತಿತ್ತು."

"ನಿಮ್ಮ ಜೀವ ತುರ್ತು, ನಮ್ಮಮ್ಮನ ಕಣ್ಣು ಫೈಲು. ಅಲ್ವಾ ಸಾರ್?"

ಸಾಹೇಬರು ನಕ್ಕರು. "ಎಷ್ಟು ಓದಿದೀಯಪ್ಪ ನೀನು?"

"ಏಳನೇ ಕ್ಲಾಸು. ಸ್ಕ್ರೂ ಯಾವ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ ಅನ್ನೋವರೆಗೆ."

ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆಯೇ ಅವನ ಕಣ್ಣು ಮೂಲೆಯ ಸ್ಕ್ರೂ ಮೇಲೆ ಬಿತ್ತು. ಎಂಟೂ ಇದ್ದವು, ಎಂಟೂ ಈ ಕಡೆಗೇ. ಅಂದು ಒಳಗೆ ಬಿಟ್ಟುಕೊಂಡಿದ್ದರೆ ಅವೂ ಒಳಗೇ ಇರುತ್ತಿದ್ದವು.

ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಮೂರನೇ ಕರೆ ಮೇಡಂ ಬಾಯಲ್ಲೇ ಉಳಿಯಿತು.

"ಏಯ್! ಏಯ್! ಸರ್ಕಾರಿ ಸ್ವತ್ತು ಅದು!" ಸಾಹೇಬರ ಟೀ ಅವರ ಅಂಗಿಗೇ ಚೆಲ್ಲಿತು.

ಬಿಚ್ಚುತ್ತಾ ಬಿಚ್ಚುತ್ತಾ ಅವನು ಗಮನಿಸಿದ: ತೂತಿನ ಮೇಲ್ಗಡೆ ಗಾಜಿನ ಮೇಲೆ ಒಂದು ಮಸುಕು ಪಟ್ಟೆ ಕಟ್ಟಿತ್ತು. ಆರು ವರ್ಷ ಬಗ್ಗಿ ಬಗ್ಗಿ ನಿಂತವರ ಹಣೆಯ ಬೆವರು, ಎಣ್ಣೆ. ಒಳಗಿನ ಕಡೆ ಗಾಜು ಫಳಫಳ. ಅದನ್ನು ಕಂಡಮೇಲೆ ಅವನ ಕೈ ಇನ್ನೂ ಜೋರಾಯಿತು, ಬಾಯಿಂದ ಮೆಲ್ಲಗೆ ಒಂದು ಬೈಗುಳವೂ ಉದುರಿತು.

ಆರನೇ ಸ್ಕ್ರೂ ಕಳಚಿದಾಗ ಗಾಜು ಕುಲುಕಿತು. ಒಬ್ಬನ ಕೈಲಿ ಆಗುವ ಕೆಲಸವಲ್ಲ ಅದು. ಅಂದು ಅಪ್ಪ ಹಿಡಿದಿದ್ದ. ಸಾಲಿನಲ್ಲಿದ್ದ ಲಾರಿ ಡ್ರೈವರ್, ಒಂದು ಕೈಗೆ ಪ್ಲಾಸ್ಟರ್ ಹಾಕಿದ್ದವನು, ಇನ್ನೊಂದು ಕೈ ಕೊಟ್ಟ. "ಬಿಚ್ಚು ತಮ್ಮ, ನಂದು ಅರವತ್ತೆರಡನೇ ನಂಬರು. ನನ್ನ ಸರದಿಗೆ ಮುಂಚೆ ಬಿಚ್ಚು."

"ಮೇಡಂ, ನೀವೂ ಹಿಡೀರಿ" ಅಂದ ಇವನು. "ಬಿದ್ರೆ ನಿಮ್ಮ ಕಡೆಗೇ ಬೀಳೋದು."

ಮೇಡಂ ಎದ್ದಳು. ಅವಳು ನಿಂತಿದ್ದನ್ನು ಆ ಸಾಲಿನಲ್ಲಿ ಯಾರೂ ನೋಡಿರಲಿಲ್ಲ. ಎರಡೂ ಅಂಗೈ ಗಾಜಿಗೆ ಒತ್ತಿ, ಉಸಿರು ಬಿಗಿಹಿಡಿದು ನಿಂತಳು. ಎಂಟನೆಯದು ಕಳಚಿತು. ಗಾಜು ಮೆಲ್ಲಗೆ ಕೆಳಗಿಳಿಯಿತು.

ಅಮ್ಮ ಮುಂದೆ ಸರಿದು, ಮೇಡಂ ಮುಖಕ್ಕೆ ಮುಖ ತಂದು ದಿಟ್ಟಿಸಿದಳು. "ಅಯ್ಯೋ, ನೀನಾ ಮಗಳೇ? ಇಷ್ಟೇ ಇಷ್ಟಿದೀಯ! ನಾನು ಯಾರೋ ದೊಡ್ಡೋರು ಅಂತ ಹೆದರಿಕೊಂಡಿದ್ದೆ."

ಸಾಲಿಗೆ ಸಾಲೇ ಗೊಳ್ಳೆಂದಿತು. ಮೇಡಂ ಮಾತ್ರ ನಗಲಿಲ್ಲ, ಕೆಂಪಾದಳು.

"ನಲವತ್ತೊಂದು ನೀವೇನಾ ಅಮ್ಮ?"

"ನಾನೇ ಕಣಮ್ಮ."

"ಯಾವ ಕಣ್ಣು?"

"ಉಳಿದಿರೋದು."

ಮೇಡಂ ಪುಸ್ತಕ ತೆರೆದು ಬರೆದಳು. "ಗುರುವಾರ ಬೆಳಗ್ಗೆ ಎಂಟಕ್ಕೆ ಬನ್ನಿ." ಆಮೇಲೆ, ಸಾಹೇಬರ ಕಡೆ ತಿರುಗದೆ, "ಜೊತೆಗೆ ಮಗನ್ನೂ ಕರ್ಕೊಂಡು ಬನ್ನಿ" ಅಂದಳು.

ಅರ್ಧ ನಿಮಿಷ. ಎರಡು ತಿಂಗಳಿಂದ ಆಗದ ಕೆಲಸ!

"ಈಗ ಹಾಕು ವಾಪಸ್ಸು!" ಸಾಹೇಬರು ಮೇಜು ಗುದ್ದಿದರು. "ಪೊಲೀಸ್ ಕರೆಸ್ತೀನಿ. ಇನ್ಮೇಲೆ ಈ ಆಸ್ಪತ್ರೆಯ ಒಂದು ಕೆಲಸ ನಿನಗೆ ಸಿಕ್ಕಿದ್ರೆ ಕೇಳು!"

"ಹಾಕ್ತೀನಿ ಸಾರ್. ಲಿಖಿತ ಆದೇಶ ಕೊಡಿ. ಏಳು ಸಹಿ."

ಗಾಜನ್ನು ಗೋಡೆಗೆ ಒರಗಿಸಿದ. ಎಂಟು ಸ್ಕ್ರೂ ಮೇಜಿನ ಮೇಲೆ ಸಾಲಾಗಿ ಇಟ್ಟ, ಕಳ್ಳ ಅನ್ನಿಸಿಕೊಳ್ಳಬಾರದು ನೋಡಿ. ಹಿಂದಿನಿಂದ ಲಾರಿ ಡ್ರೈವರ್ ಗದರಿದ: "ಮೇಡಂ, ಮುಂದಿನ ನಂಬರು ಕರೀರಿ. ಕೂಗೋದೇನು ಬೇಡ, ಎಲ್ಲಾ ಇಲ್ಲೇ ಇದೀವಿ."

ಬೀದಿಗೆ ಬಂದಮೇಲೆ ಅವನು ಚೀಲವನ್ನು ಹೆಗಲಿಗೇರಿಸಿಕೊಂಡ. ಪೊಲೀಸ್ ಬಂದರೆ ಬರಲಿ, ಗುರುವಾರ ಕಳೆದ ಮೇಲೆ ಬರಲಿ ಅಂದುಕೊಂಡ. ಅಮ್ಮ ಚೀಟಿಯನ್ನು ಮೂಗಿನ ತುದಿಗೆ ಹಿಡಿದು ನೋಡಿ, ಮಡಚಿ, ಮುಷ್ಟಿಯಲ್ಲಿಟ್ಟುಕೊಂಡಳು.

"ಸ್ಕ್ರೂ ಬಿಚ್ಚೋವಾಗ ಬೈದ್ಯಲ್ಲ, ಆ ಮಾತು ಎಲ್ಲಿ ಕಲಿತೆ?"

"ನಿಂಗೆ ಕೇಳಿಸ್ತಾ?"

"ನಿನ್ನ ಬಾಯಿ ಪಕ್ಕದಲ್ಲೇ ಇದ್ದೆನಲ್ಲೋ." ನಾಲ್ಕು ಹೆಜ್ಜೆ ನಡೆದಳು. "ನಿಮ್ಮಪ್ಪನೂ ಅದನ್ನೇ ಬೈತಿದ್ದ. ನೀನು ಇನ್ನೂ ಜೋರಾಗಿ ಬೈಬೇಕಿತ್ತು."